ಕೊನೆಯ ಬಸ್ಸಿನ ಲೆಕ್ಕ: ಕೊಡಗಿನ ಪ್ರೌಢಶಾಲಾ ಕ್ರೀಡೆಯಲ್ಲಿ ದುಡ್ಡು ಕೆಲಸ ಮಾಡುವ ಬಗೆ

ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದ ಕಡೆಯ ಶಾಲೆಗಳಲ್ಲಿ ಸಂಜೆ ಕೊನೆಯ ಬೆಲ್ ಹೊಡೆದ ಹತ್ತು ನಿಮಿಷಕ್ಕೆ ಮಕ್ಕಳು ಎರಡು ಪಾಲಾಗುತ್ತಾರೆ. ಒಂದು ಪಾಲು ಬ್ಯಾಗು ಹೆಗಲಿಗೇರಿಸಿ ಬಸ್ಸು ಹಿಡಿಯಲು ಓಡುತ್ತದೆ. ಇನ್ನೊಂದು ಪಾಲು ಶೂ ಬದಲಿಸಿಕೊಂಡು ಮೈದಾನಕ್ಕಿಳಿಯುತ್ತದೆ. ಓಡಿದವರಿಗೆ ಆಟ ಬೇಡವೆಂದಲ್ಲ. ಅವರ ಮನೆ ತೋಟದೊಳಗೆ ಎರಡು ಮೂರು ಕಿಲೋಮೀಟರ್ ದೂರದಲ್ಲಿದೆ, ಬಸ್ಸು ತಪ್ಪಿದರೆ ನಡೆದೇ ಹೋಗಬೇಕು, ಹೊತ್ತು ಮುಳುಗಿದ ಮೇಲೆ ಆ ದಾರಿ ಆನೆಗಳದ್ದು. ಉಳಿದವರನ್ನು ಕರೆದೊಯ್ಯಲು ಆರು ಗಂಟೆಗೆ ಮನೆಯ ಜೀಪೋ ಕಾರೋ ಬರುತ್ತದೆ.

ಈ ವ್ಯತ್ಯಾಸವನ್ನು ಲೆಕ್ಕಕ್ಕಿಳಿಸಿ ನೋಡಬೇಕು. ದಿನಕ್ಕೆ ಒಂದೂಕಾಲು ಗಂಟೆ ಹೆಚ್ಚು ಆಡಿದರೆ ವಾರದ ಐದು ದಿನಕ್ಕೆ ಆರೂಕಾಲು ಗಂಟೆ. ಮಳೆ, ಪರೀಕ್ಷೆ, ರಜೆ ಕಳೆದು ವರ್ಷಕ್ಕೆ 30 ವಾರ ಹಿಡಿದರೂ 187 ಗಂಟೆ ದಾಟುತ್ತದೆ. ಎಂಟರಿಂದ ಹತ್ತನೇ ತರಗತಿಯವರೆಗೆ ಮೂರು ವರ್ಷಕ್ಕೆ 560 ಗಂಟೆ. ಒಂದೇ ಶಾಲೆ, ಒಂದೇ ಮೈದಾನ, ಒಬ್ಬರೇ ಪಿಟಿ ಮೇಷ್ಟ್ರು. ಆದರೂ ಹತ್ತನೇ ತರಗತಿ ಮುಗಿಯುವಾಗ ಒಬ್ಬ ಇನ್ನೊಬ್ಬನಿಗಿಂತ 560 ಗಂಟೆ ಮುಂದಿರುತ್ತಾನೆ. ಜಿಲ್ಲಾ ಮಟ್ಟದ ಕೂಟದಲ್ಲಿ ನಿಂತು ನೋಡುವವರಿಗೆ ಇದು ಕಾಣುವುದಿಲ್ಲ, ಅವರಿಗೆ ಕಾಣುವುದು 'ಹುಟ್ಟು ಪ್ರತಿಭೆ'.

ದುಡ್ಡಿದ್ದವರ ಮಕ್ಕಳು ಆಟದಲ್ಲಿ ಮುಂದೆ ಬರುತ್ತಾರೆ ಎಂದಾಗ ಎಲ್ಲರ ಕಣ್ಣ ಮುಂದೆ ಬರುವುದು ದುಬಾರಿ ಹಾಕಿ ಸ್ಟಿಕ್ಕು, ಬೆಂಗಳೂರಿನ ಕೋಚು. ಅವೂ ಇವೆ. ಆದರೆ ಕೊಡಗಿನಂಥ ಗುಡ್ಡಗಾಡು ಜಿಲ್ಲೆಯಲ್ಲಿ ದುಡ್ಡು ಮೊದಲು ಕೊಳ್ಳುವುದು ಹೊತ್ತನ್ನು. ಮೈದಾನದಲ್ಲಿ ಇರುವ ಹೊತ್ತು, ಮಳೆಗಾಲದಲ್ಲೂ ತಪ್ಪದ ಅಭ್ಯಾಸ, ಒಮ್ಮೆ ಆಯ್ಕೆ ತಪ್ಪಿದರೆ ಇನ್ನೊಂದು ವರ್ಷ ಕಾಯುವ ಅವಕಾಶ. ಕೋಚಿಂಗ್ ಎಂಬುದು ಇವುಗಳ ಮೇಲೆ ಬರುವ ಮಾತು.

ಎರಡು ಏಣಿ

ಕೊಡಗಿನ ಕ್ರೀಡೆಯ ಬಗ್ಗೆ ಮಾತು ಬಂದರೆ 'ಆಟ ನಮ್ಮ ರಕ್ತದಲ್ಲಿದೆ' ಎನ್ನುವುದು ರೂಢಿ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್ ಎಂದು ಹಾಕಿ ಆಟಗಾರರ ಹೆಸರುಗಳ ಸಾಲೇ ಇರುವಾಗ ಹಾಗೆನ್ನಿಸುವುದು ಸಹಜ. ಆದರೆ ರಕ್ತದ ಮಾತು ಒಂದು ಪ್ರಶ್ನೆಯನ್ನು ಮುಚ್ಚಿಡುತ್ತದೆ: ಯಾವ ಆಟದಲ್ಲಿ ಯಾವ ಮನೆಯ ಮಕ್ಕಳು ಮೇಲೇರಿದರು?

ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಡಗಿಯೊಬ್ಬರ ಮಗ. ಬಾಲ್ಯದಲ್ಲಿ ಬಿದಿರಿನ ಕೋಲು ಹಿಡಿದು ಹಾಕಿ ಆಡಿದವರು 2012ರ ಲಂಡನ್, 2016ರ ರಿಯೋ ಒಲಿಂಪಿಕ್ಸ್ ಎರಡರಲ್ಲೂ ಭಾರತಕ್ಕೆ ಆಡಿದರು. 2024ರ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿಯನ್ನು 43ನೇ ವಯಸ್ಸಿನಲ್ಲಿ ಗೆದ್ದ ರೋಹನ್ ಬೋಪಣ್ಣ ಕಾಫಿ ಬೆಳೆಗಾರರ ಮಗ. ಇಬ್ಬರ ಶ್ರಮವೂ ದೊಡ್ಡದೇ. ಆದರೆ ಬಡಗಿಯ ಮಗ ಟೆನಿಸ್‌ನಲ್ಲಿ ಆ ಮಟ್ಟಕ್ಕೆ ಹೋಗಬಹುದಾಗಿತ್ತೇ ಎಂದು ಕೇಳಿಕೊಂಡರೆ ವಿಷಯ ಬಿಚ್ಚಿಕೊಳ್ಳುತ್ತದೆ.

ಹಾಕಿಗೆ ಕೊಡಗಿನಲ್ಲಿ ಸಾರ್ವಜನಿಕ ಏಣಿ ಇದೆ. ಕೂಡಿಗೆಯ ಸರ್ಕಾರಿ ಕ್ರೀಡಾಶಾಲೆ, ಮಡಿಕೇರಿಯ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ವಸತಿ ನಿಲಯಗಳು, ಊರೂರಿನ ಬೇಸಿಗೆ ಶಿಬಿರಗಳು, ಇವೆಲ್ಲದರ ಹಿಂದೆ ಏಪ್ರಿಲ್–ಮೇ ತಿಂಗಳಲ್ಲಿ ಕೊಡವ ಕುಟುಂಬಗಳ ನಡುವೆ ನಡೆಯುವ ಕೌಟುಂಬಿಕ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಆರಂಭಿಸಿದಾಗ 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದವು. ಈ ಹಬ್ಬ ಯಾರನ್ನೂ ನೇರವಾಗಿ ರಾಷ್ಟ್ರೀಯ ತಂಡಕ್ಕೆ ಕಳಿಸುವುದಿಲ್ಲ, ಅದಕ್ಕೆ ಇರುವ ಕೆಲಸ ಬೇರೆ. ಮನೆಯಲ್ಲಿ ಒಂದು ಸ್ಟಿಕ್ಕು ಇರುವಂತೆ, ಅದನ್ನು ಹಿಡಿಯುವುದು ಹೇಗೆಂದು ಹೇಳಲು ಒಬ್ಬ ಚಿಕ್ಕಪ್ಪನೋ ಅತ್ತೆಯೋ ಇರುವಂತೆ ಅದು ನೋಡಿಕೊಳ್ಳುತ್ತದೆ. ಅದೂ ಒಂದು ಬಗೆಯ ಕೋಚಿಂಗೇ, ಫೀಸಿಲ್ಲದ್ದು. ಆದರೆ ಅದು ಒಕ್ಕದ, ಅಂದರೆ ಕೊಡವ ಮನೆತನಗಳ, ಮಕ್ಕಳಿಗೆ ಸಿಗುವಷ್ಟು ಸುಲಭವಾಗಿ ತೋಟದ ಕಾರ್ಮಿಕರ ಲೈನ್ ಮನೆಯ ಮಗುವಿಗೆ, ಆದಿವಾಸಿ ಹಾಡಿಯ ಮಗುವಿಗೆ ಸಿಗುವುದಿಲ್ಲ.

ಟೆನಿಸ್, ಬ್ಯಾಡ್ಮಿಂಟನ್, ಈಜು, ಶೂಟಿಂಗ್‌ಗೆ ಇಂಥ ಏಣಿ ಇಲ್ಲ. ಅಲ್ಲಿ ಏಣಿಯ ಪ್ರತಿ ಮೆಟ್ಟಿಲನ್ನೂ ಮನೆಯವರೇ ಕಟ್ಟಬೇಕು. ಬ್ಯಾಡ್ಮಿಂಟನ್ನನ್ನೇ ನೋಡಿ. ರ‍್ಯಾಕೆಟ್ಟು ಒಮ್ಮೆ ಕೊಂಡರೆ ವರ್ಷ ಎರಡು ವರ್ಷ ಬರುತ್ತದೆ, ತಿನ್ನುವುದು ಶಟಲ್. ನೈಲಾನ್ ಶಟಲ್ ದಿನಗಟ್ಟಲೆ ಬಾಳುತ್ತದೆ, ಆದರೆ ಪಂದ್ಯಾವಳಿಗಳಲ್ಲಿ ಆಡಿಸುವುದು ಗರಿಯ ಶಟಲ್. ಎರಡರ ಹಾರಾಟ ಬೇರೆ: ಗರಿಯದ್ದು ಹೊಡೆದ ಕೂಡಲೇ ಜೋರಾಗಿ ಹೋಗಿ, ಆಮೇಲೆ ಬೇಗ ವೇಗ ಕಳೆದುಕೊಂಡು ನೆಟ್ಟಗೆ ಕೆಳಗಿಳಿಯುತ್ತದೆ. ನೈಲಾನಿನಲ್ಲೇ ಕಲಿತ ಮಗು ಗರಿಯದ್ದರಲ್ಲಿ ಡ್ರಾಪ್ (ನೆಟ್ಟಿನಾಚೆ ಹತ್ತಿರದಲ್ಲೇ ಬೀಳಿಸುವ ಮೆತ್ತನೆಯ ಹೊಡೆತ) ಹಾಕಿದರೆ ಅದು ನೆಟ್ಟಿಗೆ ಬಡಿಯುತ್ತದೆ. ಗರಿಯದ್ದು ಒಂದಕ್ಕೆ ನೂರು ರೂಪಾಯಿಯ ಮೇಲೆ. ದಿನಕ್ಕೆ ಒಂದರಂತೆ ತಿಂಗಳಿಗೆ 24 ದಿನ ಆಡಿದರೆ ಶಟಲ್ ಖರ್ಚೇ ಎರಡೂವರೆಯಿಂದ ಮೂರೂವರೆ ಸಾವಿರ. ಇದರ ಮೇಲೆ ಕೋರ್ಟ್ ಬಾಡಿಗೆ, ಕೋಚ್ ಫೀಸು, ರ‍್ಯಾಂಕಿಂಗ್ ಪಂದ್ಯಾವಳಿಗೆ ಬೆಂಗಳೂರಿಗೆ ಹೋಗುವ ಐದಾರು ಗಂಟೆಯ ಪ್ರಯಾಣ, ಜೊತೆಗೆ ಹೋಗುವ ಅಪ್ಪನ ಅಥವಾ ಅಮ್ಮನ ಎರಡು ದಿನ. ವಾರದ ಬಟವಾಡೆಯಲ್ಲಿ ಬದುಕುವ ಮನೆಯಲ್ಲಿ ಆ ಎರಡು ದಿನವೂ ಖರ್ಚೇ.

ಸ್ಟಿಕ್ಕಿನಿಂದ ಟರ್ಫಿಗೆ

ಹಾಗೆಂದು ಹಾಕಿ ಅಗ್ಗದ ಆಟವಾಗಿ ಉಳಿದಿದೆಯೇ? ಇಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಮೇಲ್ಮಟ್ಟದ ಹಾಕಿ ಸಿಂಥೆಟಿಕ್ ಹಾಸಿನ ಮೈದಾನಕ್ಕೆ, ಅಂದರೆ ಟರ್ಫಿಗೆ, ಹೋಯಿತು. ಹುಲ್ಲಿನಲ್ಲಿ ಆಡುವ ಮಗುವಿಗೆ ಜಲಂಧರ್ ಕಡೆ ತಯಾರಾದ ಮರದ ಸ್ಟಿಕ್ಕು ಸಾಕು, ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಟರ್ಫಿಗೆ ಫೈಬರ್ ಗ್ಲಾಸ್, ಕಾರ್ಬನ್ ಸೇರಿಸಿ ಮಾಡಿದ ಕಾಂಪೊಸಿಟ್ ಸ್ಟಿಕ್ಕು ಬೇಕು. ಅದು ಮೂರು ಸಾವಿರದಿಂದ ಶುರುವಾಗಿ, ಕಾರ್ಬನ್ ಪ್ರಮಾಣ ಏರಿದಂತೆ ಹತ್ತು, ಹದಿನೈದು ಸಾವಿರ ದಾಟುತ್ತದೆ. ಟರ್ಫ್ ಶೂ ಎರಡರಿಂದ ಐದು ಸಾವಿರ, ಶಿನ್ ಗಾರ್ಡು, ಬಾಯಿಗೆ ಹಾಕುವ ಗಾರ್ಡು ಬೇರೆ.

ಇಲ್ಲಿ ಪೋಷಕರು ಮಾಡುವ ತಪ್ಪೊಂದಿದೆ. ಹದಿಮೂರರ ಹುಡುಗನಿಗೆ ಶೇ 90ರ ಕಾರ್ಬನ್ ಸ್ಟಿಕ್ಕು ಕೊಡಿಸುತ್ತಾರೆ. ಕಾರ್ಬನ್ ಹೆಚ್ಚಿದಷ್ಟೂ ಸ್ಟಿಕ್ಕು ಗಡಸು. ಹೊಡೆತಕ್ಕೆ ಬಲ ಬರುತ್ತದೆ, ಆದರೆ ಚೆಂಡು ನಿಲ್ಲಿಸುವಾಗ ಪುಟಿದು ಹೋಗುತ್ತದೆ. ಮೊದಲು ಕಲಿಯಬೇಕಾದ್ದು ಚೆಂಡು ನಿಲ್ಲಿಸುವುದು. ಫೈಬರ್ ಗ್ಲಾಸ್ ಹೆಚ್ಚಿರುವ, ಕಡಿಮೆ ಬೆಲೆಯ ಸ್ಟಿಕ್ಕು ಆ ವಯಸ್ಸಿಗೆ ಒಳ್ಳೆಯದು. ಉದ್ದವೂ ಅಷ್ಟೇ: 'ಬೆಳೆಯುತ್ತಾನೆ, ಇರಲಿ' ಎಂದು 37 ಇಂಚಿನದು ಕೊಟ್ಟರೆ ಮಗು ಬೆನ್ನು ನೆಟ್ಟಗೆ ಮಾಡಿಕೊಂಡು ಆಡಲು ಕಲಿಯುತ್ತದೆ, ಆಮೇಲೆ ಬಗ್ಗಿಸುವುದು ಕಷ್ಟ. ಸ್ಟಿಕ್ಕನ್ನು ಪಕ್ಕಕ್ಕೆ ನಿಲ್ಲಿಸಿದರೆ ಸೊಂಟದ ಮೂಳೆಯ ಹತ್ತಿರಕ್ಕೆ ಬಂದರೆ ಸರಿ. ದುಡ್ಡು ಇಲ್ಲಿ ಅನುಕೂಲಕ್ಕಿಂತ ಅನನುಕೂಲವೇ ಆಗಬಹುದು.

ಸ್ಟಿಕ್ಕಿಗಿಂತ ದೊಡ್ಡ ಅಂತರ ಹಾಸಿನದು. ಮಣ್ಣು, ಹುಲ್ಲಿನ ಮೈದಾನದಲ್ಲಿ ಚೆಂಡು ಪುಟಿಯುತ್ತದೆ, ದಾರಿ ತಪ್ಪುತ್ತದೆ. ಅಲ್ಲಿ ಆಡಿದ ಮಗು ಸ್ಟಿಕ್ಕನ್ನು ನೆಟ್ಟಗೆ ಹಿಡಿದು, ಚೆಂಡು ಎಲ್ಲಿ ಪುಟಿಯಬಹುದೆಂದು ಊಹಿಸುತ್ತಾ ಕಾಯುತ್ತದೆ. ಟರ್ಫಿನಲ್ಲಿ ಚೆಂಡು ನೆಲ ಬಿಡದೆ, ನೇರವಾಗಿ, ಬಹಳ ಬೇಗ ಬರುತ್ತದೆ. ಅಲ್ಲಿ ಮಂಡಿ ಬಗ್ಗಿಸಿ ಸ್ಟಿಕ್ಕನ್ನು ನೆಲಕ್ಕೆ ಅಡ್ಡಲಾಗಿ ಮಲಗಿಸಿ ತಡೆಯಬೇಕು. ಮಣ್ಣಿನ ಮೈದಾನದ ಒಳ್ಳೆಯ ಆಟಗಾರ ಮೊದಲ ಬಾರಿ ಟರ್ಫಿಗೆ ಬಂದ ದಿನ ಮೂರು ತಪ್ಪು ಖಂಡಿತ: ಚೆಂಡು ಸ್ಟಿಕ್ಕಿನ ಕೆಳಗೆ ನುಸುಳಿ ಹೋಗುತ್ತದೆ, ಅವನು ಕೊಟ್ಟ ಪಾಸು ಜೊತೆಗಾರನನ್ನು ದಾಟಿ ಹೊರಗೆ ಹೋಗುತ್ತದೆ, ಹದಿನೈದು ನಿಮಿಷದ ಎರಡನೇ ಕ್ವಾರ್ಟರ್ ಹೊತ್ತಿಗೆ ತೊಡೆ ಹಿಡಿದುಕೊಳ್ಳುತ್ತದೆ. ಹೊಂದಿಕೊಳ್ಳಲು ಕೆಲವು ವಾರ ಬೇಕು. ಆಯ್ಕೆಗಾರರ ಮುಂದೆ ಆ ಕೆಲವು ವಾರ ಇರುವುದಿಲ್ಲ.

ಜಿಲ್ಲೆಯಲ್ಲಿ ಮಡಿಕೇರಿ, ಕೂಡಿಗೆ, ಪೊನ್ನಂಪೇಟೆ, ಸೋಮವಾರಪೇಟೆಗಳಲ್ಲಿ ಟರ್ಫ್ ಇದೆ. ಇಷ್ಟು ಸಣ್ಣ ಜಿಲ್ಲೆಗೆ ಇದು ಕಡಿಮೆಯಲ್ಲ. ಆದರೆ ಭಾಗಮಂಡಲದಿಂದ ಮಡಿಕೇರಿಗೆ ಮೂವತ್ತೈದು ಕಿಲೋಮೀಟರಿಗೂ ಹೆಚ್ಚು, ಕುಟ್ಟದಿಂದ ಪೊನ್ನಂಪೇಟೆಯೂ ಹತ್ತಿರವೇನಲ್ಲ. ಮತ್ತೆ ಬಸ್ಸಿನ ಪ್ರಶ್ನೆಗೇ ಬಂದೆವು. ಜೊತೆಗೆ ನೀರಿನದೊಂದು. ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಅಂದರೆ ಸುಮಾರು 5,000 ಚದರ ಮೀಟರ್. ಒಂದು ಮಿಲಿಮೀಟರ್ ನೀರು ಹಾಯಿಸಲು 5,000 ಲೀಟರ್ ಬೇಕು, ಮೂರು ಮಿಲಿಮೀಟರಿಗೆ 15,000. ನೀರು ಹಾಕುವ ಬಗೆಯ ಟರ್ಫನ್ನು ಮಾರ್ಚ್ ಬಿಸಿಲಿನಲ್ಲಿ ಒಣಗಿಸಿ ಆಡಿಸಿದರೆ ಚೆಂಡು ನಿಧಾನವಾಗುತ್ತದೆ, ಬಿದ್ದ ಮಕ್ಕಳ ಮಂಡಿ ಸುಡುತ್ತದೆ, ಹಾಸಿನ ಆಯಸ್ಸೂ ಕಡಿಮೆಯಾಗುತ್ತದೆ. ಟರ್ಫ್ ಹಾಸುವಾಗ ಬರುವ ಅನುದಾನ ಪಂಪು, ಸ್ಪ್ರಿಂಕ್ಲರ್ ರಿಪೇರಿಗೆ ಅಷ್ಟು ಸುಲಭವಾಗಿ ಬರುವುದಿಲ್ಲ.

ಗೋಲ್‌ಕೀಪರ್ ವಿಷಯವನ್ನು ಬೇರೆಯಾಗಿ ಹೇಳಬೇಕು. ಹೆಲ್ಮೆಟ್, ಗಂಟಲಿನ ಗಾರ್ಡು, ಎದೆಯ ಗಾರ್ಡು, ಕಾಲಿನ ಪ್ಯಾಡು, ಕಿಕ್ಕರ್, ಎರಡು ಕೈಗೂ ರಕ್ಷಣೆ, ಒಳ ಗಾರ್ಡು ಎಲ್ಲ ಸೇರಿ ಸಾಧಾರಣ ಕಿಟ್ಟಿಗೂ 25 ಸಾವಿರದ ಮೇಲೆ. ಎಷ್ಟೋ ಶಾಲೆಗಳಲ್ಲಿ ಕೀಪರ್ ಆಗುವುದು ಚುರುಕಾದ ಮಗುವಲ್ಲ, ಕಿಟ್ಟು ಇರುವ ಮಗು. ಕಿಟ್ಟು ಯಾರ ಬಳಿಯೂ ಇಲ್ಲದಿದ್ದರೆ ಕ್ರಿಕೆಟ್ ಪ್ಯಾಡು ಕಟ್ಟಿ ಒಬ್ಬನನ್ನು ನಿಲ್ಲಿಸುತ್ತಾರೆ. ಕ್ರಿಕೆಟ್ ಪ್ಯಾಡಿಗೆ ಪಾದ ಮುಚ್ಚುವ ಕಿಕ್ಕರ್ ಇಲ್ಲ. ಪೆನಾಲ್ಟಿ ಕಾರ್ನರ್‌ನಲ್ಲಿ ಕಾಲಿನ ಬೆರಳು ಮುರಿಯುವುದು ಹೀಗೆಯೇ. ಒಂದು ಶಾಲೆಗೆ ಒಂದೇ ಒಂದು ವಸ್ತು ಕೊಡಿಸುವುದಾದರೆ ಹದಿನಾರು ಸ್ಟಿಕ್ಕಿಗಿಂತ ಒಂದು ಕೀಪರ್ ಕಿಟ್ಟು ಮೇಲು.

ಮಳೆಗಾಲ ಯಾರ ಪಾಲಿಗೆ ಎಷ್ಟು ದಿನ

ಪ್ರೌಢಶಾಲಾ ಕ್ರೀಡಾಕೂಟಗಳು ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತವೆ. ಕೆಳಗಿನ ಹಂತಗಳು ನಡೆಯುವುದು ಸಾಮಾನ್ಯವಾಗಿ ಜುಲೈನಿಂದ ಸೆಪ್ಟೆಂಬರ್ ಒಳಗೆ. ಮೈಸೂರು ವಿಭಾಗದ ಬಯಲು ಜಿಲ್ಲೆಗಳಿಗೆ ಇದು ಆಡುವ ಕಾಲ. ಕೊಡಗಿಗೆ ಇದು ಕಕ್ಕಡದ (ಜುಲೈ–ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ, ಮಳೆ ರಜೆ, ಕೆಸರಾದ ಮೈದಾನ. ವರ್ಷದ ಪರೀಕ್ಷೆ ಬರುವುದೇ ಓದಲಾಗದ ತಿಂಗಳಲ್ಲಿ ಎಂದ ಹಾಗೆ.

ಈ ಮೂರು ತಿಂಗಳಲ್ಲಿ ಅಂತರ ಜೋರಾಗಿ ಹಿಗ್ಗುತ್ತದೆ. ಒಳಾಂಗಣ ಸಭಾಂಗಣ, ಜಿಮ್ಮು ಇರುವ ಖಾಸಗಿ ವಸತಿ ಶಾಲೆಯ ತಂಡ ಜೂನ್, ಜುಲೈ ಎರಡೂ ತಿಂಗಳು ದೇಹ ಹದಗೊಳಿಸಿಕೊಂಡೇ ಬರುತ್ತದೆ. ಸರ್ಕಾರಿ ಶಾಲೆಯ ತಂಡ ಬೇಸಿಗೆ ರಜೆಯ ನಂತರ ಸರಿಯಾಗಿ ಓಡಿರುವುದೇ ಇಲ್ಲ, ಕೂಟಕ್ಕೆ ನಾಲ್ಕು ದಿನ ಇರುವಾಗ ಬಿಸಿಲು ಬಿದ್ದಿತೆಂದು ಒಮ್ಮೆಲೇ ಅಭ್ಯಾಸ ಶುರು. ತೊಡೆಯ ಹಿಂಭಾಗದ ಸ್ನಾಯು ಹರಿಯುವುದು ಬಹುತೇಕ ಈ ನಾಲ್ಕು ದಿನಗಳಲ್ಲೇ.

ಇದಕ್ಕೆ ದೊಡ್ಡ ದುಡ್ಡೇನೂ ಬೇಡ. ಶಾಲೆಯ ಉದ್ದನೆಯ ಜಗಲಿ, ಊಟದ ಹಾಲ್, ಒಂದು ಹಗ್ಗ ಸಾಕು. ವಾರಕ್ಕೆ ಮೂರು ದಿನ, ದಿನಕ್ಕೆ 25 ನಿಮಿಷ: ಐದು ನಿಮಿಷ ಹಗ್ಗ ಜಿಗಿತ, 10 ಬಸ್ಕಿಯ ಮೂರು ಸುತ್ತು, ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳು ಊರಿ ದೇಹವನ್ನು ನೆಟ್ಟಗೆ ಹಿಡಿಯುವುದು) 30 ಸೆಕೆಂಡಿನ ಮೂರು ಸುತ್ತು, ಹತ್ತು ಮೀಟರಿನ ಹಿಂದಕ್ಕೂ ಮುಂದಕ್ಕೂ ಓಟ ಎಂಟು ಸಲ, ಕೊನೆಗೆ ಇಬ್ಬಿಬ್ಬರಾಗಿ ಒಬ್ಬ ಕಾಲ್ಗಂಟು ಹಿಡಿದು ಇನ್ನೊಬ್ಬ ಮಂಡಿಯ ಮೇಲೆ ನಿಂತು ನಿಧಾನವಾಗಿ ಮುಂದಕ್ಕೆ ಬಾಗುವ ವ್ಯಾಯಾಮ, ಐದು ಸಲ. ಈ ಕೊನೆಯದು ತೊಡೆಯ ಹಿಂಭಾಗಕ್ಕೆ ನೇರ ಔಷಧ. ಸಿಮೆಂಟ್ ನೆಲದಲ್ಲಿ ಬರಿಗಾಲಲ್ಲಿ ಜಿಗಿಸಬಾರದು, ಒದ್ದೆ ನೆಲದಲ್ಲಂತೂ ಓಡಿಸಲೇಬಾರದು. ಇಷ್ಟನ್ನು ಮಾಡಿಸಲು ಶಾಲೆಯಲ್ಲಿ ದೈಹಿಕ ಶಿಕ್ಷಕರು ಇರಬೇಕಷ್ಟೆ. ಹುದ್ದೆ ಖಾಲಿ ಇರುವ ಶಾಲೆಗಳಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರೇ ಸೀಟಿ ಊದುತ್ತಾರೆ. ದೈಹಿಕ ಶಿಕ್ಷಣದ ಬಗೆಗಿನ ವೈದ್ಯನಾಥನ್ ವರದಿ ಜಾರಿಯಾಗಲಿ ಎಂದು ದೈಹಿಕ ಶಿಕ್ಷಕರು ಕೇಳುತ್ತಲೇ ಇರುವುದು ಸುಮ್ಮನೆ ಅಲ್ಲ.

ಹದಿನಾರು ಮಂದಿ ಎಲ್ಲಿಂದ?

ಗುಂಪು ಆಟಗಳಲ್ಲಿ ಗೆದ್ದ ಶಾಲೆಯ ತಂಡವೇ ಮುಂದಿನ ಹಂತಕ್ಕೆ ಹೋಗುವುದು ರೂಢಿ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕೊಡಗಿನ ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂರೂ ತರಗತಿ ಸೇರಿ ಮಕ್ಕಳ ಸಂಖ್ಯೆ ನೂರು ಮುಟ್ಟುವುದು ಕಷ್ಟ. 90 ಮಕ್ಕಳಿದ್ದರೆ ಹುಡುಗರು 45. ಅದರಲ್ಲಿ ಹನ್ನೊಂದು ಜನರ ಜೊತೆ ಬದಲಿ ಆಟಗಾರರೂ ಸೇರಿ 16 ಮಂದಿಯ ಹಾಕಿ ತಂಡ ಕಟ್ಟಬೇಕು ಎಂದರೆ ಮೂವರಲ್ಲಿ ಒಬ್ಬನಿಗಿಂತ ಹೆಚ್ಚು ಜನ ಆಡಬೇಕು. ಅದೇ ಹುಡುಗರು ಕಬಡ್ಡಿ, ವಾಲಿಬಾಲ್, ರಿಲೇಗೂ ಬೇಕು. ಐದಾರು ನೂರು ಮಕ್ಕಳಿರುವ ವಸತಿ ಶಾಲೆಗೆ ಈ ಚಿಂತೆ ಇಲ್ಲ. ಜೊತೆಗೆ, ಬೇರೆ ಶಾಲೆಯಲ್ಲಿ ಮಿಂಚಿದ ಮಗುವಿಗೆ ಫೀಸು ರಿಯಾಯಿತಿ ಕೊಟ್ಟು ಎಂಟನೇ ತರಗತಿಗೆ ಕರೆದುಕೊಳ್ಳುವ ಪದ್ಧತಿಯೂ ಅನೇಕ ಕಡೆ ಉಂಟು. ಆ ಮಗುವಿಗೆ ಅದು ವರ. ಅವನು ಬಿಟ್ಟು ಹೋದ ಶಾಲೆಯ ಉಳಿದ ಹತ್ತು ಮಂದಿಯ ಪಾಲಿಗೆ ತಂಡವೇ ಮುಗಿಯಿತು. ದುರ್ಬಲ ತಂಡದ ಒಳ್ಳೆಯ ಫಾರ್ವರ್ಡ್ ಆಟಗಾರ್ತಿ ತಾಲ್ಲೂಕು ಮಟ್ಟದ ಮೊದಲ ಪಂದ್ಯದಲ್ಲೇ ಮನೆಗೆ ಹೋಗುತ್ತಾಳೆ, ಅವಳನ್ನು ಇನ್ನೊಮ್ಮೆ ಯಾರೂ ನೋಡುವುದಿಲ್ಲ. ಸೋತ ತಂಡಗಳಿಂದಲೂ ಇಬ್ಬರು ಮೂವರನ್ನು ಗುರುತಿಸಿ ಪಟ್ಟಿ ಮಾಡಿ ಆಯ್ಕೆ ಶಿಬಿರಕ್ಕೆ ಕರೆಯುವುದು ಅಂಪೈರುಗಳಿಗೆ ಹತ್ತು ನಿಮಿಷದ ಕೆಲಸ.

ಓಟ, ಜಿಗಿತ ಒಬ್ಬರೇ ಆಡುವಂಥದ್ದು, ಬಡ ಮಕ್ಕಳಿಗೆ ಅದೇ ಸರಿ ಎಂಬ ಮಾತಿದೆ. ಅರ್ಧ ನಿಜ. ಮಣ್ಣಿನಲ್ಲಿ ಬರಿಗಾಲಲ್ಲಿ ಓಡಿ ಜಿಲ್ಲೆಗೆ ಮೊದಲು ಬಂದ ಹುಡುಗಿ ವಿಭಾಗ ಮಟ್ಟದಲ್ಲಿ ಮೊದಲ ಬಾರಿ ಸಿಂಥೆಟಿಕ್ ಟ್ರ್ಯಾಕ್ ಮೆಟ್ಟುತ್ತಾಳೆ, ಓಟ ಶುರು ಮಾಡುವಾಗ ಕಾಲು ಒತ್ತಿ ಚಿಮ್ಮಲು ಇಡುವ ಸ್ಟಾರ್ಟಿಂಗ್ ಬ್ಲಾಕನ್ನು ಮೊದಲ ಬಾರಿ ಕಾಣುತ್ತಾಳೆ. ಹಿರಿಯರ ಮಟ್ಟದಲ್ಲಿ 2010ರಿಂದ ಒಂದೇ ಫಾಲ್ಸ್ ಸ್ಟಾರ್ಟಿಗೆ, ಅಂದರೆ ಸದ್ದಿಗೆ ಮೊದಲೇ ಓಡಿದರೆ, ಹೊರಗೆ. ಕೆಳಗಿನ ಕೂಟಗಳಲ್ಲಿ ಎಚ್ಚರಿಕೆ ಕೊಟ್ಟು ಬಿಟ್ಟರೂ, ಹೆದರಿದ ಮಗು ಬ್ಲಾಕಿನಲ್ಲಿ ತಡವಾಗಿ ಏಳುತ್ತದೆ, 100 ಮೀಟರಿನಲ್ಲಿ ಪದಕ ಅಲ್ಲೇ ಹೋಯಿತು. ಬ್ಲಾಕ್ ಹೊಂದಿಸುವ ಅಳತೆ ಇಷ್ಟೇ: ಗೆರೆಯಿಂದ ಮುಂದಿನ ಬ್ಲಾಕಿಗೆ ತನ್ನದೇ ಎರಡು ಪಾದ, ಹಿಂದಿನದಕ್ಕೆ ಮೂರು ಪಾದ, ಬಲವಾದ ಕಾಲು ಮುಂದೆ. ಇದನ್ನು ಕಲಿಸಲು ಊರಿನ ಬಡಗಿ ಹಲಗೆಯಲ್ಲಿ ಮಾಡಿ, ದೊಡ್ಡ ಮೊಳೆಯಿಂದ ನೆಲಕ್ಕೆ ಕಚ್ಚಿಸಿದ ಬ್ಲಾಕೇ ಸಾಕು. ಸ್ಪೈಕ್ (ಅಡಿಯಲ್ಲಿ ಮೊಳೆ ಇರುವ ಓಟದ ಶೂ) ಇದ್ದರೆ ಮೊಳೆಯ ಉದ್ದ ನೋಡಿಕೊಳ್ಳಬೇಕು. ಮಣ್ಣಿಗೆ 9ರಿಂದ 12 ಮಿಲಿಮೀಟರ್, ಸಿಂಥೆಟಿಕ್ ಟ್ರ್ಯಾಕಿಗೆ ಸಾಮಾನ್ಯವಾಗಿ 6 ಅಥವಾ 7. ಉದ್ದನೆಯ ಮೊಳೆ ಹಾಕಿಕೊಂಡು ಬಂದವರನ್ನು ಟ್ರ್ಯಾಕಿಗೆ ಬಿಡುವುದಿಲ್ಲ, ಆ ಹೊತ್ತಿನಲ್ಲಿ ಮೊಳೆ ಬಿಚ್ಚುವ ಕೀಲಿ ಯಾರ ಬಳಿಯೂ ಇರುವುದಿಲ್ಲ.

ಖಾಸಗಿ ಕೋಚಿಂಗ್ ಏನನ್ನು ಮಾರುತ್ತದೆ

ಒಳ್ಳೆಯ ಖಾಸಗಿ ಕೋಚ್ ಕೊಡುವುದು ಮೂರು: ತಪ್ಪು ಮಾಡಿದ ಕ್ಷಣದಲ್ಲೇ ತಿದ್ದುವ ಕಣ್ಣು, ವರ್ಷದ ಯೋಜನೆ, ಮತ್ತು ಯಾವ ಪಂದ್ಯಾವಳಿಗೆ ಯಾವಾಗ ಹೆಸರು ಕೊಡಬೇಕೆಂಬ ತಿಳಿವಳಿಕೆ. ಮೂರನೆಯದನ್ನು ಜನ ಕಡೆಗಣಿಸುತ್ತಾರೆ, ಆದರೆ ಅದರ ಬೆಲೆ ದೊಡ್ಡದು.

ಕ್ರೀಡಾ ವಸತಿ ನಿಲಯಗಳ ಆಯ್ಕೆಯನ್ನೇ ತೆಗೆದುಕೊಳ್ಳಿ. ಐದನೇ ಮತ್ತು ಎಂಟನೇ ತರಗತಿಗೆ ಸೇರಿಸಿಕೊಳ್ಳುವಾಗ ಎತ್ತರ, ತೂಕ, 30 ಮೀಟರ್ ಓಟ, ನಿಂತಲ್ಲಿಂದ ಉದ್ದ ಜಿಗಿತ, ಮೇಲಕ್ಕೆ ಜಿಗಿತ, ಶಟಲ್ ರನ್ (ಎರಡು ಗೆರೆಗಳ ನಡುವೆ ಹೋಗಿ ಬರುವ ಓಟ), ಮೆಡಿಸಿನ್ ಬಾಲ್ (ಭಾರದ ಚೆಂಡು) ಎಸೆತ, 800 ಮೀಟರ್ ಓಟ, ಇಂಥ ಪರೀಕ್ಷೆಗಳಿರುತ್ತವೆ. ಇವು ಪ್ರತಿಭೆಯನ್ನು ಅಳೆಯುತ್ತವೆ ಎಂಬುದು ನಂಬಿಕೆ. ವಾಸ್ತವದಲ್ಲಿ ಹದಿನೈದು ದಿನ ಅಭ್ಯಾಸ ಮಾಡಿಸಿದರೆ ಅಂಕ ಏರುವ ಪರೀಕ್ಷೆಗಳಿವು. ಶಟಲ್ ರನ್‌ನಲ್ಲಿ ತಿರುಗುವ ಮೊದಲು ಸೊಂಟ ಕೆಳಗಿಳಿಸಿ, ಹೊರಗಿನ ಕಾಲು ಊರಿ ತಿರುಗುವುದನ್ನು ಕಲಿತರೆ ಪ್ರತಿ ತಿರುವಿನಲ್ಲೂ ಹೊತ್ತು ಉಳಿಯುತ್ತದೆ. ಉದ್ದ ಜಿಗಿತದಲ್ಲಿ ಕೈ ಬೀಸುವುದೊಂದನ್ನು ಕಲಿತರೆ ಹಲವು ಸೆಂಟಿಮೀಟರ್ ಸಿಗುತ್ತದೆ. 800 ಮೀಟರಿನಲ್ಲಿ ಕಲಿಸದ ಮಗು ಮೊದಲ ಸುತ್ತನ್ನು ಹುಚ್ಚಾಪಟ್ಟೆ ಓಡಿ ಎರಡನೆಯದರಲ್ಲಿ ಏದುಸಿರು ಬಿಡುತ್ತದೆ. ಎರಡೂ ಸುತ್ತಿನ ನಡುವಿನ ಅಂತರ ನಾಲ್ಕೈದು ಸೆಕೆಂಡು ಮೀರದಂತೆ ಓಡಬೇಕೆಂದು ಯಾರಾದರೂ ಒಮ್ಮೆ ಹೇಳಿದ್ದರೆ ಸಾಕಿತ್ತು. ಬಡ ಮಕ್ಕಳಿಗಾಗಿಯೇ ಇರುವ ಬಾಗಿಲಲ್ಲೂ ಕೋಚಿಂಗ್ ಪಡೆದವರು ಮುಂದೆ ನಿಲ್ಲುವುದು ಹೀಗೆ. ಪರೀಕ್ಷೆಯ ಪಟ್ಟಿ ಗುಟ್ಟೇನಲ್ಲ, ಪ್ರತಿ ಹಿರಿಯ ಪ್ರಾಥಮಿಕ ಶಾಲೆಯಲ್ಲೂ ಏಳನೇ ತರಗತಿಯವರಿಗೆ ಹದಿನೈದು ದಿನ ಇದನ್ನೇ ಆಡಿಸಬಹುದು.

ಇನ್ನೊಂದು ಅಡ್ಡಿ ಕಾಗದಪತ್ರ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇರಬೇಕು. ಕೊಡಗಿನಲ್ಲಿ ಮನೆ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಬರೀ ಇನಿಷಿಯಲ್. ತೋಟದಿಂದ ತೋಟಕ್ಕೆ ಕೆಲಸ ಬದಲಿಸುವ ಕುಟುಂಬಗಳ ಮಕ್ಕಳ ಟಿಸಿ ಹಳೆಯ ಶಾಲೆಯಲ್ಲೇ ಉಳಿದಿರುತ್ತದೆ. ಆಯ್ಕೆಯಾದ ಮೇಲೆ ತಿದ್ದುಪಡಿಗೆ ಓಡಾಡುವುದಲ್ಲ, ಏಳನೇ ತರಗತಿಯ ಜೂನ್‌ನಲ್ಲೇ ನೋಡಿಟ್ಟುಕೊಳ್ಳಬೇಕು. ಆಯ್ಕೆ ಪ್ರಕ್ರಿಯೆ ಸಾಮಾನ್ಯವಾಗಿ ಶೈಕ್ಷಣಿಕ ವರ್ಷದ ಕೊನೆಯ ತಿಂಗಳುಗಳಲ್ಲಿ ಬರುತ್ತದೆ, ಅದು ರೋಬಸ್ಟಾ ಕೊಯ್ಲಿನ ಕಾಲ. ಕೂಲಿ ಮನೆಗಳಲ್ಲಿ ಮಗುವನ್ನು ಮಡಿಕೇರಿಗೆ ಕರೆದೊಯ್ಯಲು ಆಗ ಯಾರಿಗೂ ಬಿಡುವಿರುವುದಿಲ್ಲ.

ಕೋಚಿಂಗಿನ ಕೆಟ್ಟ ಮುಖವೂ ಇದೆ, ಅದು ಹಣವಿದ್ದ ಮನೆಗೇ ಕಾಡುತ್ತದೆ. ಹತ್ತನೇ ವಯಸ್ಸಿಗೇ ಒಂದೇ ಆಟ, ವಾರಕ್ಕೆ ಆರು ದಿನ, ಬೆಳಗ್ಗೆಯೂ ಸಂಜೆಯೂ. ಕ್ರೀಡಾ ವೈದ್ಯರು ಹೇಳುವ ಸರಳ ಅಳತೆ ಒಂದಿದೆ: ವಾರದ ತರಬೇತಿ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು. ಹದಿಮೂರರ ಮಗುವಿಗೆ ವಾರಕ್ಕೆ 13 ಗಂಟೆಯ ಒಳಗೆ. ಮೀರಿದಾಗ ಮಂಡಿಯ ಕೆಳಗಿನ ಗಂಟು ನೋವು, ಹಿಮ್ಮಡಿ ನೋವು. ಬೆಳೆಯುವ ವಯಸ್ಸಿನಲ್ಲಿ ದಿನಕ್ಕೆ ಐವತ್ತು ಅರವತ್ತು ಡ್ರ್ಯಾಗ್ ಫ್ಲಿಕ್ (ಹಾಕಿಯಲ್ಲಿ ಬಗ್ಗಿ ಚೆಂಡನ್ನು ಸ್ಟಿಕ್ಕಿನಲ್ಲೇ ಎಳೆದು ಗೋಲಿಗೆ ಎಸೆಯುವುದು) ಮಾಡಿಸಿದರೆ ಸೊಂಟದ ಭಾಗದ ಬೆನ್ನುಮೂಳೆಯಲ್ಲಿ ಬಿರುಕು ಬರಬಹುದು. ಕೋಚನ್ನು ಆರಿಸುವಾಗ ಕೇಳಬೇಕಾದ್ದು ಪದಕಗಳ ಪಟ್ಟಿಯನ್ನಲ್ಲ. ಪಟಿಯಾಲದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ತರಬೇತಿ ಆಗಿದೆಯೇ, ಒಬ್ಬರ ಕೈಕೆಳಗೆ ಎಷ್ಟು ಮಕ್ಕಳು, ವಾರದಲ್ಲಿ ವಿರಾಮದ ದಿನ ಯಾವುದು, ಮಗುವಿಗೆ ನೋವಾದರೆ ಎರಡು ವಾರ ಬಿಡುತ್ತೀರಾ? ಒಬ್ಬ ಕೋಚಿಗೆ ಮೂವತ್ತು ಮಕ್ಕಳಿದ್ದರೆ ನೀವು ಕೊಡುತ್ತಿರುವುದು ಮೈದಾನದ ಬಾಡಿಗೆ ಮಾತ್ರ.

ಪೋಷಕರು ಇಷ್ಟು ಹಣ ಸುರಿಯುವುದರ ಹಿಂದೆ ಆಟದ ಪ್ರೀತಿ ಒಂದೇ ಇಲ್ಲ. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ, ರಾಜ್ಯ, ರಾಷ್ಟ್ರ ಮಟ್ಟದ ಪ್ರಮಾಣಪತ್ರಕ್ಕೆ ಅಲ್ಲಿ ಬೆಲೆ ಇದೆ. ಹಾಕಿ, ಅಥ್ಲೆಟಿಕ್ಸ್‌ನಲ್ಲಿ ರಾಜ್ಯಕ್ಕೆ ಹೋಗಲು ನೂರಾರು ಮಕ್ಕಳನ್ನು ದಾಟಬೇಕು. ಹಾಗಾಗಿ ಕೈಯಲ್ಲಿ ಹಣವಿದ್ದವರು ಜನಸಂದಣಿ ಕಡಿಮೆ ಇರುವ, ಪ್ರವೇಶದ ಖರ್ಚು ಹೆಚ್ಚಿರುವ ಆಟ ಹುಡುಕುತ್ತಾರೆ. ಕೊಡವರ ಆಯುಧ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುರಿಯಿಡುವ ನಾಡಿನಲ್ಲೂ ಹತ್ತು ಮೀಟರ್ ಏರ್ ರೈಫಲ್‌ನಲ್ಲಿ ಪೈಪೋಟಿ ಕೊಡಲು ಬೇಕಾದ ವಿದೇಶಿ ರೈಫಲ್ಲು, ಜಾಕೆಟ್ಟು ಲಕ್ಷ ದಾಟುತ್ತವೆ. ಗುರಿ ಚೆನ್ನಾಗಿರುವವರೆಲ್ಲ ಆ ಗೆರೆಯ ಮುಂದೆ ನಿಲ್ಲಲಾರರು.

ಊಟದ ಮಾತು ಚಿಕ್ಕದಾಗಿ. ದಿನಾ ಅಭ್ಯಾಸ ಮಾಡುವ 50 ಕಿಲೋ ತೂಕದ ಮಗುವಿಗೆ ದಿನಕ್ಕೆ 65–75 ಗ್ರಾಂ ಪ್ರೊಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದು ಸುಮಾರು ಆರು ಗ್ರಾಂ. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ಈಗ ಹತ್ತನೇ ತರಗತಿಯವರೆಗೂ, 2024ರಿಂದ ವಾರಕ್ಕೆ ಆರು ದಿನ ಸಿಗುತ್ತಿದೆ. ಕ್ರೀಡೆಗೆಂದು ಮಾಡದ ಈ ಕೆಲಸ ಎಷ್ಟೋ ಕ್ರೀಡಾ ಯೋಜನೆಗಳಿಗಿಂತ ಹೆಚ್ಚು ಉಪಕಾರಿ. ಸಂಜೆ ಅಭ್ಯಾಸಕ್ಕೆ ಮೊದಲು ಒಂದು ಬಾಳೆಹಣ್ಣು, ಹಿಡಿ ಹುರಿಗಡಲೆ, ಬೆಲ್ಲ ಕೊಟ್ಟರೆ ಮಕ್ಕಳು ಮಧ್ಯಾಹ್ನದ ಊಟದ ಮೇಲೇ ಆರು ಗಂಟೆಯವರೆಗೆ ಓಡುವುದು ತಪ್ಪುತ್ತದೆ.

ಜೀಪಿನ ಲೆಕ್ಕ

ಕೊನೆಗೂ ಎಲ್ಲ ದಾರಿಯೂ ಬಸ್ಸಿಗೇ ಬಂದು ನಿಲ್ಲುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸರ್ಕಾರಿ ಬಸ್ಸು ಉಚಿತ, ವಿದ್ಯಾರ್ಥಿ ಪಾಸು ಮೊದಲಿನಿಂದಲೂ ಇದೆ. ಆದರೆ ಕೊಡಗಿನ ಒಳದಾರಿಗಳಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು, ಅಲ್ಲಿ ಶಕ್ತಿ ನಡೆಯುವುದಿಲ್ಲ. ಅದಕ್ಕೂ ಮಿಗಿಲಾಗಿ, ಆರು ಗಂಟೆಯ ನಂತರ ಬಸ್ಸೇ ಇಲ್ಲದ ದಾರಿಯಲ್ಲಿ ಟಿಕೆಟ್ ಉಚಿತವಾದರೇನು, ಬಿಟ್ಟರೇನು.

ಶಾಲೆಯಿಂದ 12 ಕಿಲೋಮೀಟರ್ ಒಳಗಿನ ಒಂದು ದಾರಿಗೆ, ಎಂಟು ಮಕ್ಕಳನ್ನು ಇಳಿಸಿ ಬರಲು ಒಂದು ಜೀಪು ಹೋಗಿ ಬಂದರೆ 24 ಕಿಲೋಮೀಟರ್. ಗುಡ್ಡದ ದಾರಿಯಲ್ಲಿ ಲೀಟರಿಗೆ ಹತ್ತು ಕಿಲೋಮೀಟರ್ ಹಿಡಿದರೆ ಡೀಸೆಲ್ಲಿಗೆ 220 ರೂಪಾಯಿಯಷ್ಟು, ಚಾಲಕನ ಕೂಲಿ, ಸವೆತ ಎಲ್ಲ ಸೇರಿ ದಿನಕ್ಕೆ 500. ಮಳೆ, ಪರೀಕ್ಷೆ ಬಿಟ್ಟು ವರ್ಷಕ್ಕೆ 120 ದಿನ ಓಡಿಸಿದರೆ 60,000. ಮಗುವೊಂದಕ್ಕೆ ವರ್ಷಕ್ಕೆ 7,500 ರೂಪಾಯಿ, ಒಂದು ಸಾಧಾರಣ ಕಾಂಪೊಸಿಟ್ ಸ್ಟಿಕ್ಕು ಮತ್ತು ಶೂವಿನ ಬೆಲೆ. ಇಂಥ ಹತ್ತು ದಾರಿಗೆ ಆರು ಲಕ್ಷ. ಕೋಟಿಗಟ್ಟಲೆಯ ಟರ್ಫಿನ ಪಕ್ಕದಲ್ಲಿ ಇದು ಚಿಲ್ಲರೆ.

ಇದನ್ನು ಶುರು ಮಾಡುವವರು ಒಂದು ವಿಷಯ ಮೊದಲೇ ನೋಡಿಕೊಳ್ಳಬೇಕು. ತೋಟದ ಬಿಳಿ ಬೋರ್ಡಿನ ಜೀಪಿನಲ್ಲಿ ಬಾಡಿಗೆ ಪಡೆದು ಮಕ್ಕಳನ್ನು ಸಾಗಿಸುವಂತಿಲ್ಲ, ಅಪಘಾತವಾದರೆ ವಿಮೆ ಸಿಗದೆ ಹೋಗಬಹುದು. ಹಳದಿ ಬೋರ್ಡಿನ ವಾಹನವನ್ನೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹೆಸರಿನಲ್ಲಿ ತಿಂಗಳ ಲೆಕ್ಕಕ್ಕೆ ಗೊತ್ತು ಮಾಡಿಕೊಳ್ಳಬೇಕು. ಮಕ್ಕಳ ಹೆಸರು, ಇಳಿಯುವ ಜಾಗ, ಮನೆಯವರ ಫೋನ್ ನಂಬರಿನ ಒಂದು ಹಾಳೆ ಚಾಲಕನ ಬಳಿ, ಒಂದು ಪ್ರತಿ ದೈಹಿಕ ಶಿಕ್ಷಕರ ಬಳಿ ಇರಬೇಕು. ಆ ದಾರಿಯಲ್ಲಿ ಆನೆ ಇದೆಯೆಂದು ಅರಣ್ಯ ಇಲಾಖೆಯವರಿಂದ ಸುದ್ದಿ ಬಂದ ದಿನ ಅಭ್ಯಾಸ ಐದು ಗಂಟೆಗೇ ನಿಲ್ಲಬೇಕು, ಜೀಪು ಆ ಹೊತ್ತಿಗೇ ಗೇಟಿನ ಮುಂದೆ ಇರಬೇಕು.